ಒಲಿಂಪಿಕ್ಸ್ ಯೂಟ್ಯೂಬ್ ಚಾನೆಲ್: ಛಲ ಅಂದ್ರೇನು ಅಂತ ಮಕ್ಕಳಿಗೆ ತೋರಿಸೋಕೆ ಒಳ್ಳೆ ಜಾಗ

ಒಲಿಂಪಿಕ್ಸ್‌ನ ಅಧಿಕೃತ ಯೂಟ್ಯೂಬ್ ಚಾನೆಲ್‌ಗೆ ದುಡ್ಡು ಕೊಡಬೇಕಿಲ್ಲ. ಹಳೇ ಕೂಟಗಳ ಓಟ, ಬ್ಯಾಡ್ಮಿಂಟನ್, ವೇಟ್‌ಲಿಫ್ಟಿಂಗ್ ಎಲ್ಲ ಅಲ್ಲಿ ಸಿಗುತ್ತವೆ. ಕೆಲವು ಪಂದ್ಯಗಳಂತೂ ಮೊದಲಿನಿಂದ ಕೊನೆಯವರೆಗೆ ಇವೆ. ನನ್ನ ಮಗಳು ಶಾಲೆಯ ಕ್ರೀಡಾಕೂಟದಲ್ಲಿ ಓಡುತ್ತಾಳೆ, ಅವಳ ಜೊತೆ ಕೂತು ಇದನ್ನು ಬಹಳ ದಿನದಿಂದ ನೋಡುತ್ತಿದ್ದೇನೆ. ಮಕ್ಕಳಿಗೆ ಛಲದ ಬಗ್ಗೆ ಹೇಳಬೇಕು ಅಂದಾಗ ನಾವು ವಾಟ್ಸಾಪ್‌ಗೆ ಬಂದ ಎರಡು ನಿಮಿಷದ ವಿಡಿಯೋ ತೋರಿಸಿ ಸುಮ್ಮನಾಗುತ್ತೇವೆ ಅಲ್ವಾ? ಅದರಲ್ಲಿ ಗೆದ್ದ ಕ್ಷಣ ಮಾತ್ರ ಇರುತ್ತದೆ. ಸೋತಿದ್ದು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಈ ಚಾನೆಲ್ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ, ಇಲ್ಲಿ ಸೋಲನ್ನೂ ಪೂರ್ತಿ ನೋಡಬಹುದು.

ಮೊದಲು ನಮ್ಮ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಅವರ 2021ರ ಟೋಕಿಯೋ ಸ್ಪರ್ಧೆ ನೋಡಿ. ಸ್ನ್ಯಾಚ್‌ನಲ್ಲಿ (ಒಂದೇ ಏಟಿಗೆ ತಲೆ ಮೇಲೆ ಎತ್ತುವುದು) 87 ಕೆಜಿ, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ, ಆಮೇಲೆ ತಲೆ ಮೇಲೆ) 115, ಒಟ್ಟು 202. ಬೆಳ್ಳಿ ಪದಕ. ಆದರೆ ಅದನ್ನು ನೋಡುವ ಮೊದಲು ಮಕ್ಕಳಿಗೆ 2016ರ ರಿಯೋ ಕತೆ ಹೇಳಿ. ಅಲ್ಲಿ ಕ್ಲೀನ್ ಅಂಡ್ ಜರ್ಕ್‌ನ ಮೂರು ಪ್ರಯತ್ನಗಳೂ ಕೈಕೊಟ್ಟವು. ಒಟ್ಟು ತೂಕವೇ ಇಲ್ಲ, ಅಂದ್ರೆ ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಸ್ಥಾನವೇ ಇಲ್ಲ. ಮಾರನೇ ವರ್ಷವೇ ವಿಶ್ವ ಚಾಂಪಿಯನ್ ಆದರು. ಇಷ್ಟು ಹೇಳಿ ಆಮೇಲೆ ಟೋಕಿಯೋ ವಿಡಿಯೋ ಹಾಕಿದರೆ, ಬಾರ್ ಹತ್ತಿರ ಹೋಗುವಾಗ ಅವರ ಮುಖದಲ್ಲಿ ಏನಿದೆ ಅಂತ ಮಕ್ಕಳಿಗೇ ಗೊತ್ತಾಗುತ್ತದೆ.

ಕತೆ ಅಲ್ಲಿಗೂ ನಿಲ್ಲುವುದಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಅವರು ಎತ್ತಿದ್ದು 199 ಕೆಜಿ, ಕಂಚು ಹೋಗಿದ್ದು 200ಕ್ಕೆ. ಒಂದೇ ಒಂದು ಕೆಜಿ. ಕೊನೆಯ ಪ್ರಯತ್ನದಲ್ಲಿ 114 ಎತ್ತಲು ಹೋದರು, ಆಗಲಿಲ್ಲ. ಛಲ ಇದ್ದರೆ ಗೆಲುವು ಗ್ಯಾರಂಟಿ ಅಂತ ಮಕ್ಕಳಿಗೆ ಹೇಳಿಕೊಡುವುದು ನನಗೆ ಸರಿ ಕಾಣುವುದಿಲ್ಲ. ಮೀರಾಬಾಯಿಗೆ ರಿಯೋದಲ್ಲೂ ಛಲ ಇತ್ತು, ಪ್ಯಾರಿಸ್‌ನಲ್ಲೂ ಇತ್ತು. ಫಲ ಮಾತ್ರ ಒಂದೊಂದು ಸಲ ಒಂದೊಂದು ಥರ.

ಇನ್ನೊಂದು, ಪಿ.ವಿ. ಸಿಂಧು ಮತ್ತು ಸ್ಪೇನ್‌ನ ಕರೊಲಿನಾ ಮರಿನ್ ಆಡಿದ ರಿಯೋ ಬ್ಯಾಡ್ಮಿಂಟನ್ ಫೈನಲ್. ಇದರ ಹೈಲೈಟ್ಸ್ ನೋಡಬೇಡಿ. ಪೂರ್ತಿ ಪಂದ್ಯ ಹುಡುಕಿ. ಮೊದಲ ಗೇಮ್‌ನಲ್ಲಿ ಸಿಂಧು 16-19ರಲ್ಲಿ ಹಿಂದಿದ್ದು, ಸತತ ಐದು ಪಾಯಿಂಟ್ ತೆಗೆದು 21-19ಕ್ಕೆ ಗೆದ್ದರು. ನಾವು ಭಾರತದವರು ಕುಣಿಯೋದು ಅಲ್ಲಿ. ಆದರೆ ಆಮೇಲಿನ ಎರಡು ಗೇಮ್‌ಗಳಲ್ಲಿ ಮರಿನ್ ಮಾಡಿದ್ದನ್ನು ನೋಡಿ. ಕೈಗೆ ಬಂದಿದ್ದ ಗೇಮ್ ಬಿಟ್ಟುಕೊಟ್ಟವರು ಮುಂದಿನದರಲ್ಲಿ ಶುರುವಿನಿಂದಲೇ ಮುಂದೆ ನುಗ್ಗಿ 21-12, 21-15ರಲ್ಲಿ ಚಿನ್ನ ಗೆದ್ದರು. ಗೆದ್ದು ಕೋರ್ಟ್ ಮೇಲೆ ಬಿದ್ದು ಅಳುತ್ತಿದ್ದವರನ್ನು ಎತ್ತಿ ನಿಲ್ಲಿಸಿದ್ದು ಸಿಂಧು.

ಈ ಮರಿನ್‌ಗೆ ಆಮೇಲೆ ಎರಡೂ ಮಂಡಿಗೆ ಪೆಟ್ಟಾಯಿತು, 2019ರಲ್ಲಿ ಬಲಗಾಲು, 2021ರಲ್ಲಿ ಎಡಗಾಲು. ಟೋಕಿಯೋ ತಪ್ಪಿತು. ಆದರೂ ವಾಪಸ್ ಬಂದು ಪ್ಯಾರಿಸ್ ಸೆಮಿಫೈನಲ್‌ನಲ್ಲಿ ಚೀನಾದ ಹಿ ಬಿಂಗ್‌ಜಿಯಾವೋ ವಿರುದ್ಧ ಮೊದಲ ಗೇಮ್ ಗೆದ್ದು, ಎರಡನೆಯದರಲ್ಲೂ ಮುಂದಿದ್ದಾಗ ಬಲ ಮಂಡಿ ಮತ್ತೆ ಕೈಕೊಟ್ಟಿತು. ಪಂದ್ಯ ಬಿಡಲೇಬೇಕಾಯಿತು. ಆ ಎದುರಾಳಿ ಪದಕ ವೇದಿಕೆ ಹತ್ತಿದಾಗ ಕೈಯಲ್ಲಿ ಸ್ಪೇನ್‌ನ ಪಿನ್ ಹಿಡಿದಿದ್ದರು. ನನ್ನ ಮಗಳಿಗೆ ಜಾಸ್ತಿ ತಟ್ಟಿದ್ದು ಇದೇ. ಮಂಡಿ ಎರಡು ಸಲ ಹೋದ ಮೇಲೂ ಒಬ್ಬರು ಒಲಿಂಪಿಕ್ ಸೆಮಿಫೈನಲ್‌ವರೆಗೆ ಬರಬಹುದು ಅನ್ನೋದನ್ನು ಅವಳು ಎಷ್ಟೋ ದಿನ ಮಾತಾಡಿದಳು.

ಬ್ರಿಟನ್‌ನ ಓಟಗಾರ ಡೆರೆಕ್ ರೆಡ್‌ಮಂಡ್ ಕತೆ ಬಹಳ ಜನಕ್ಕೆ ಗೊತ್ತು. 1992, ಬಾರ್ಸಿಲೋನಾ, 400 ಮೀಟರ್ ಸೆಮಿಫೈನಲ್. ತೊಡೆಯ ಹಿಂಭಾಗದ ಸ್ನಾಯು ಹರಿದು ಕುಸಿದರು, ಎದ್ದು ಕುಂಟುತ್ತಾ ಹೊರಟರು, ಅಪ್ಪ ಓಡಿಬಂದು ಹೆಗಲು ಕೊಟ್ಟರು. ಇದನ್ನು ಎಲ್ಲರೂ ಅಪ್ಪನ ಪ್ರೀತಿಯ ಕತೆ ಅಂತ ಹಂಚುತ್ತಾರೆ, ಹೌದು, ಅದೂ ನಿಜ. ಆದರೆ ನಾಲ್ಕು ವರ್ಷ ಮೊದಲು ಸೋಲ್ ಒಲಿಂಪಿಕ್ಸ್‌ನಲ್ಲಿ ಕಾಲು ನೋವಿನಿಂದ ಓಟ ಶುರುವಾಗುವ ಸ್ವಲ್ಪ ಮೊದಲು ಅವರು ಹಿಂದೆ ಸರಿಯಬೇಕಾಗಿತ್ತು, ಆಮೇಲೆ ಹಲವು ಸಲ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಟ್ರ್ಯಾಕ್‌ಗೆ ಬಂದಿದ್ದರು ಅನ್ನೋದನ್ನು ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ನಿಜವಾದ ಛಲ ಇರೋದು ಆ ನಾಲ್ಕು ವರ್ಷದಲ್ಲಿ. ಕ್ಯಾಮೆರಾ ಇಲ್ಲದಾಗ ದಿನಾ ಬೆಳಗ್ಗೆ ಎದ್ದು ಹೋಗುವುದು ಕಷ್ಟದ ಕೆಲಸ. ಅಧಿಕೃತ ಫಲಿತಾಂಶದಲ್ಲಿ ಅವರು ಓಟ ಮುಗಿಸಿಲ್ಲ ಅಂತಲೇ ಇದೆ.

1968ರ ಮೆಕ್ಸಿಕೋ ಮ್ಯಾರಥಾನ್‌ನಲ್ಲಿ ಕಾಲಿಗೆ ಬ್ಯಾಂಡೇಜ್ ಕಟ್ಟಿಕೊಂಡು, ಗೆದ್ದವರು ಬಂದು ಒಂದು ಗಂಟೆಗೂ ಜಾಸ್ತಿ ಆದ ಮೇಲೆ ಕೊನೆಯವರಾಗಿ ಬಂದ ಟಾಂಜಾನಿಯಾದ ಜಾನ್ ಸ್ಟೀಫನ್ ಅಕ್ವಾರಿ ಅವರನ್ನೂ ತಪ್ಪದೆ ನೋಡಿ.

ಈಗ ಕೊರತೆಗಳು. ಕನ್ನಡ ಇಲ್ಲ. ಒಲಿಂಪಿಕ್ಸ್ ವೆಬ್‌ಸೈಟ್‌ನಲ್ಲಿ ಹಿಂದಿ ಇದೆ, ಕನ್ನಡ ಇಲ್ಲ. ಹಳ್ಳಿ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಾಮೆಂಟರಿ ಒಂದು ಗೋಡೆಯೇ. ನಾನು ಸೌಂಡ್ ಕಮ್ಮಿ ಮಾಡಿ ನಾನೇ ಹೇಳುತ್ತಾ ಹೋಗುತ್ತೇನೆ, ಆದರೆ ಎಲ್ಲ ಮನೆಯಲ್ಲೂ ಅದು ಆಗುವ ಮಾತಲ್ಲ. ಎರಡನೆಯದು, ಚಿಕ್ಕ ವಿಡಿಯೋಗಳಲ್ಲಿ ಸಂಗೀತ ಹಾಕಿ ಕಣ್ಣೀರು ತರಿಸುವ ಅಭ್ಯಾಸ ಇವರಿಗೂ ಇದೆ. ಅದು ಬೇಕಾಗಿಲ್ಲ. ಮೂರನೆಯದು, ಶೀರ್ಷಿಕೆಯಲ್ಲೇ ಯಾರು ಗೆದ್ದರು ಅಂತ ಹೇಳಿಬಿಡುತ್ತಾರೆ. ಮಕ್ಕಳ ಕುತೂಹಲವೇ ಹೋಗುತ್ತದೆ.

ಒಲಿಂಪಿಕ್ಸ್‌ಗೆ ಹೋಗದವರು ಇಲ್ಲಿ ಸಿಗುವುದಿಲ್ಲ ಅನ್ನೋದೂ ನೆನಪಿರಲಿ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ, ಪಿಕಪ್ ವಾಹನ ಓಡಿಸುವವರ ಮಗ, ಕುಸ್ತಿಯಿಂದ ಶುರು ಮಾಡಿ ವೇಟ್‌ಲಿಫ್ಟಿಂಗ್‌ಗೆ ಬಂದು ಕಾಮನ್‌ವೆಲ್ತ್ ಕೂಟದಲ್ಲಿ 2018ರಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದವರು. ಅವರ ಕತೆ ಮಕ್ಕಳಿಗೆ ಹೇಳಲು ಬೇರೆ ಕಡೆ ಹುಡುಕಬೇಕು.

ಪ್ಯಾರಾಲಿಂಪಿಕ್ಸ್‌ಗೆ, ಅಂದ್ರೆ ಅಂಗವಿಕಲ ಕ್ರೀಡಾಪಟುಗಳ ಕೂಟಕ್ಕೆ, ಬೇರೆಯದೇ ಚಾನೆಲ್ ಇದೆ, ಅದೂ ಉಚಿತ. ಅಲ್ಲಿ ಎರಡು ಹೆಸರು ಹುಡುಕಿ, ಇಂಗ್ಲಿಷ್ ಹೆಸರಿನ ಜೊತೆ ವರ್ಷವನ್ನೂ ಹಾಕಿದರೆ ಬೇಗ ಸಿಗುತ್ತದೆ. ಒಂದು, ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ, 2012ರ ಲಂಡನ್ ಹೈಜಂಪ್‌ನಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದವರು. ಚಿನ್ನ ಗೆದ್ದ ಫಿಜಿಯವರು ಹಾರಿದ್ದೂ ಅಷ್ಟೇ ಎತ್ತರ. ಇನ್ನೊಂದು, ಹಾಸನದಲ್ಲೇ ಹುಟ್ಟಿ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಸುಹಾಸ್ ಯತಿರಾಜ್. ಐಎಎಸ್ ಅಧಿಕಾರಿಯಾಗಿ ಜಿಲ್ಲೆ ನೋಡಿಕೊಳ್ಳುತ್ತಲೇ ಟೋಕಿಯೋ ಬ್ಯಾಡ್ಮಿಂಟನ್ ಫೈನಲ್ ಆಡಿದರು. ಮೊದಲ ಗೇಮ್ ಗೆದ್ದು ಉಳಿದೆರಡನ್ನು ಸೋತರು. ಪ್ಯಾರಿಸ್‌ನಲ್ಲಿ ಮತ್ತೆ ಫೈನಲ್‌ಗೆ ಬಂದರು, ಮತ್ತೆ ಬೆಳ್ಳಿ.

ನನ್ನ ಅಂಕ ಐದಕ್ಕೆ ನಾಲ್ಕು. ಕನ್ನಡ ಕಾಮೆಂಟರಿ ಬಂದ ದಿನ ಉಳಿದ ಒಂದನ್ನೂ ಕೊಡುತ್ತೇನೆ.