ಕೋನಸ್ ಮಾರ್ಮೋರಿಯಸ್ ಚಿಪ್ಪು: ಮಾದರಿ ಉತ್ತಮ, ಚೀಟಿ ಅಪೂರ್ಣ

ಚಿಪ್ಪು ಸಂಗ್ರಾಹಕರಿಗೆಂದೇ ಇರುವ ಮಳಿಗೆಯೊಂದರಿಂದ ಅಂಚೆಯಲ್ಲಿ ತರಿಸಿಕೊಂಡ ಕೋನಸ್ ಮಾರ್ಮೋರಿಯಸ್ ಚಿಪ್ಪನ್ನು ಎರಡು ವಾರ ಭೂತಗನ್ನಡಿಯ ಕೆಳಗಿಟ್ಟು ನೋಡಿದ ಬಳಿಕ ಇದನ್ನು ಬರೆಯುತ್ತಿದ್ದೇನೆ. ವಿಷದ ಈಟಿಯಿಂದ ಬೇಟೆಯಾಡುವ ಸಮುದ್ರ ಬಸವನಹುಳುವಿನ ಕವಚವಿದು. 1758ರಲ್ಲಿ ಸ್ವೀಡನ್ನಿನ ಜೀವಿವಿಜ್ಞಾನಿ ಲಿನೇಯಸ್ ಹೆಸರಿಸಿದ ಈ ಪ್ರಭೇದವೇ ಇಡೀ ಕೋನಸ್ ಕುಲಕ್ಕೆ ಮಾದರಿ ಪ್ರಭೇದ, ಅಂದರೆ ಆ ಕುಲದ ಹೆಸರಿಗೆ ಆಧಾರವಾಗಿರುವ ಪ್ರಭೇದ.

ಚಿಪ್ಪಿನ ಗುಣಮಟ್ಟದ ಬಗ್ಗೆ ದೂರಿಲ್ಲ. ಉದ್ದ 78 ಮಿಲಿಮೀಟರ್. ಕಪ್ಪು ನೆಲದ ಮೇಲೆ ಬಿಳಿಯ ತ್ರಿಕೋನ ಮಚ್ಚೆಗಳು ಎದ್ದು ಕಾಣುತ್ತವೆ, ನೆತ್ತಿಯ ಸುರುಳಿಗಳ ಮೇಲಿನ ಗುಬುಟುಗಳಲ್ಲಿ ಒಂದೂ ಸವೆದಿಲ್ಲ, ತೆಳುವಾದ ಬಾಯಂಚು ಎಲ್ಲಿಯೂ ಮುಕ್ಕಾಗಿಲ್ಲ. 1650ರಲ್ಲಿ ರೆಂಬ್ರಾಂಟ್ ಇದೇ ಪ್ರಭೇದದ ಚಿಪ್ಪನ್ನು ತಾಮ್ರದ ಫಲಕದ ಮೇಲೆ ಮೂಡಿಸಿದಾಗ, ತನ್ನ ಸಹಿಯನ್ನು ಹಿಂದುಮುಂದಾಗಿ ಬರೆಯಲು ಮರೆಯದ ಆ ಕಲಾವಿದ ಚಿಪ್ಪನ್ನು ಮಾತ್ರ ಕಂಡಂತೆಯೇ ಬಿಡಿಸಿದ್ದರಿಂದ ಅಚ್ಚಿನಲ್ಲಿ ಸುರುಳಿ ಎಡಕ್ಕೆ ತಿರುಗಿತು. ಆ ಚಿತ್ರವನ್ನಷ್ಟೇ ಬಲ್ಲ ನನಗೆ ನಿಜವಾದ ಬಲಸುರುಳಿಯನ್ನು ಅಂಗೈಯಲ್ಲಿಟ್ಟು ನೋಡಿದ್ದೇ ದೊಡ್ಡ ಸಂತೋಷ.

ಕೊರತೆಯಿರುವುದು ಜೊತೆಗೆ ಬಂದ ಚೀಟಿಯಲ್ಲಿ. ದೊರೆತ ಸ್ಥಳವೆಂದು ‘ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್’ ಎಂದಷ್ಟೇ ಬರೆಯಲಾಗಿದೆ. ಈ ಪ್ರಭೇದವು ಬದುಕುವ ಕಡಲೇ ಅದಾದ್ದರಿಂದ ಆ ಮಾತು ಹೊಸದಾಗಿ ಏನನ್ನೂ ತಿಳಿಸುವುದಿಲ್ಲ. ಯಾವ ತೀರ, ಎಷ್ಟು ಆಳ, ಯಾವ ದಿನಾಂಕ ಎಂಬುದಿಲ್ಲದೆ ಚಿಪ್ಪು ಅಧ್ಯಯನಕ್ಕೆ ಒದಗುವ ಮಾದರಿಯಾಗಲಾರದು. ಸತ್ತು ಬಹುಕಾಲ ಅಲೆಗಳಲ್ಲಿ ಉರುಳಿದ ಚಿಪ್ಪು ಮಂಕಾಗಿ ಅಂಚು ಸವೆಸಿಕೊಂಡಿರುತ್ತದೆ. ಇದರ ಹೊಳಪನ್ನು ನೋಡಿದರೆ ಜೀವಂತ ಪ್ರಾಣಿಯನ್ನೇ ಹಿಡಿದು ತಂದಿರಬೇಕು. ಹಾಗಿದ್ದಲ್ಲಿ ಅದನ್ನು ಕೊಳ್ಳುವವರಿಗೆ ಮೊದಲೇ ತಿಳಿಸುವುದು ಮಾರುವವರ ಕರ್ತವ್ಯವೆಂದು ನಾನು ದೃಢವಾಗಿ ನಂಬುತ್ತೇನೆ.

‘ವಿಷಕಾರಿ, ಬರಿಗೈಯಲ್ಲಿ ಮುಟ್ಟಬೇಡಿ’ ಎಂಬ ಎಚ್ಚರಿಕೆಯೂ ತಪ್ಪು ಕಡೆಗೆ ಬೆರಳು ತೋರಿಸುತ್ತದೆ. ವಿಷವು ತಯಾರಾಗುವುದು ಪ್ರಾಣಿಯ ದೇಹದೊಳಗಿನ ಗ್ರಂಥಿಯಲ್ಲಿ. ಚಾಚಿದ ಸೊಂಡಿಲಿನ ತುದಿಯಲ್ಲಿರುವ ಟೊಳ್ಳು ಹಲ್ಲಿನ ಮೂಲಕ ಅದು ಬೇಟೆಯ ಮೈಗೆ ಇಳಿಯುತ್ತದೆ. ಬರಿದಾದ ಚಿಪ್ಪಿನಲ್ಲಿ ಇದಾವುದೂ ಉಳಿದಿರುವುದಿಲ್ಲ. ಮಾರ್ಮೋರಿಯಸ್ ಮುಖ್ಯವಾಗಿ ಇತರ ಬಸವನಹುಳುಗಳನ್ನು, ತನ್ನದೇ ಕುಲದವುಗಳನ್ನು ಸಹ, ತಿನ್ನುತ್ತದೆಯಾದರೂ ಜೀವಂತವಾಗಿದ್ದಾಗ ಮನುಷ್ಯರನ್ನೂ ಚುಚ್ಚಬಲ್ಲದು. ಸೊಂಡಿಲು ಹಿಂದಕ್ಕೆ ಹೊರಳಬಲ್ಲದ್ದರಿಂದ ಅಗಲವಾದ ತುದಿಯನ್ನು ಹಿಡಿದು ಎತ್ತುವುದೂ ಸುರಕ್ಷಿತವಲ್ಲ. ಚೀಟಿಯಲ್ಲಿ ಇರಬೇಕಾದದ್ದು ಈ ಮಾತು.

ಸ್ಥಳದ ವಿವರ ಕೇಳಿ ಪತ್ರ ಬರೆದಾಗ, ದಾಖಲೆ ಇಟ್ಟಿಲ್ಲವೆಂಬ ಉತ್ತರ ಬಂತು. ಆಕಾರ ಮತ್ತು ಬಣ್ಣಗಳನ್ನು ಕಲಿಯಬಯಸುವವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಸಂಗ್ರಹವನ್ನು ಅಧ್ಯಯನಕ್ಕಾಗಿ ಕಟ್ಟುತ್ತಿರುವವರು ಹಣ ಕಳಿಸುವ ಮೊದಲೇ ಚೀಟಿಯ ಛಾಯಾಚಿತ್ರವನ್ನು ತರಿಸಿಕೊಂಡು ಓದಬೇಕು.