ಆಗುಂಬೆ ಘಾಟಿಯಲ್ಲಿ ಮೂರು ಡೀಸೆಲ್ ಕಾರುಗಳು: ಫೋರ್ಡ್ ಹೊರಟುಹೋದ ಮೇಲೂ ಫೋರ್ಡ್ ಕೊಳ್ಳಬಹುದೇ?

ನಮ್ಮ ಮನೆಗೆ ಫೋರ್ಡ್ ಫಿಗೊ ಬಂದದ್ದು 2011ರಲ್ಲಿ. 1.4 ಲೀಟರ್ ಡೀಸೆಲ್ ಎಂಜಿನ್, 2,14,000 ಕಿಲೋಮೀಟರ್ ಓಟ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಎಂಜಿನ್ ಬಿಚ್ಚಿಸಿಲ್ಲ. ಹದಿನೈದು ವರ್ಷ ತುಂಬುವುದರೊಳಗೆ ಬದಲಿ ಕಾರು ನೋಡಬೇಕು ಎಂದು ಮನೆಯಲ್ಲಿ ತೀರ್ಮಾನವಾದಾಗ ನಾನು ಹಿಡಿದ ಪಟ್ಟು ಒಂದೇ: ಯಾವ ಕಾರಾದರೂ ನಮ್ಮ ರಸ್ತೆಯಲ್ಲಿ ಓಡಿಸಿ ನೋಡದೆ ಮುಂಗಡ ಕೊಡುವುದಿಲ್ಲ.

ನಮ್ಮದು ತೀರ್ಥಹಳ್ಳಿಯ ಹತ್ತಿರದ ಅಡಿಕೆ ತೋಟ. ಡಾಂಬರು ರಸ್ತೆಯಿಂದ ಮನೆಗೆ ಜಂಬಿಟ್ಟಿಗೆ ಮಣ್ಣಿನ ದಾರಿ. ತಿಂಗಳಿಗೆ ಎರಡು ಸಲ ಅಮ್ಮನನ್ನು ಉಡುಪಿಗೆ ಕರೆದೊಯ್ಯಬೇಕು, ಅಂದರೆ ಆಗುಂಬೆ ಘಾಟಿ ಇಳಿದು ಹತ್ತಲೇಬೇಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಕಾರಿನ ಗುಣ ತಿಳಿಯುವಷ್ಟು ಬೇರೆಲ್ಲಿಯೂ ತಿಳಿಯುವುದಿಲ್ಲ.

ಆರಿಸಿಕೊಂಡ ಕಾರುಗಳು ಮೂರು. ಶಿವಮೊಗ್ಗದ ಪರಿಚಿತರೊಬ್ಬರು ಮಾರಾಟಕ್ಕಿಟ್ಟಿದ್ದ 2018ರ ಫೋರ್ಡ್ ಇಕೋಸ್ಪೋರ್ಟ್, ಚಿಕ್ಕಪ್ಪನ ಮಗನ 2017ರ ಫೋಕ್ಸ್‌ವ್ಯಾಗನ್ ಪೋಲೊ, ಪಕ್ಕದ ಮನೆಯವರ 2018ರ ಮಾರುತಿ ಸ್ವಿಫ್ಟ್. ಮೂರೂ ಡೀಸೆಲ್, ಮೂರೂ ಈಗ ಹೊಸದಾಗಿ ಸಿಗದ ಕಾರುಗಳು. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದಾಗ ಸ್ವಿಫ್ಟ್ ಮತ್ತು ಪೋಲೊ ಡೀಸೆಲ್ ಎಂಜಿನ್ ಬಿಟ್ಟುಕೊಟ್ಟವು. 2022ರಲ್ಲಿ ಪೋಲೊ ಕಾರೇ ಇಲ್ಲಿ ನಿಂತುಹೋಯಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಸಿ ಮಾರುವುದನ್ನೇ ನಿಲ್ಲಿಸುವುದಾಗಿ ಹೇಳಿತು. ಹಾಗಾಗಿ "ನಿಂತುಹೋದ ಕಾರು ಏಕೆ ಕೊಳ್ಳುತ್ತೀರಿ" ಎಂಬ ಪ್ರಶ್ನೆಯನ್ನು ಕೇಳುವುದಾದರೆ ಮೂರಕ್ಕೂ ಕೇಳಬೇಕು. ಆದರೆ ಜನ ಅದನ್ನು ಫೋರ್ಡ್‌ಗೆ ಮಾತ್ರ ಕೇಳುತ್ತಾರೆ.

ಫೋರ್ಡ್ ಭಾರತ ಬಿಟ್ಟುಹೋದದ್ದು ಅದು ಎರಡನೆಯ ಸಲ. ಮೊದಲ ಬಾರಿ ಬಂದದ್ದು 1926ರಲ್ಲಿ, ಕೆನಡಾದ ಫೋರ್ಡ್ ಕಂಪನಿಯ ಶಾಖೆಯಾಗಿ. ಹೊರಗಿನಿಂದ ಬಿಡಿಭಾಗ ತರಿಸಿ ಇಲ್ಲಿ ಜೋಡಿಸಿ ಮಾರುವ ವ್ಯವಹಾರ ಅದು. ಸ್ವಾತಂತ್ರ್ಯದ ನಂತರ, ಇಲ್ಲೇ ತಯಾರಿಸುವ ಯೋಜನೆ ಇಲ್ಲದವರು ಹೊರಡಬೇಕು ಎಂದು ಸರ್ಕಾರ 1953ರಲ್ಲಿ ನೀತಿ ಮಾಡಿದಾಗ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಎರಡೂ ಗಂಟುಮೂಟೆ ಕಟ್ಟಿದವು. ಮತ್ತೆ ಬಂದದ್ದು 1995ರಲ್ಲಿ, ಮಹೀಂದ್ರಾ ಜೊತೆಗೂಡಿ. ಚೆನ್ನೈ ಬಳಿಯ ಮರೈಮಲೈನಗರದಲ್ಲಿ ಕಾರ್ಖಾನೆ ಎದ್ದಿತು. ಎಸ್ಕಾರ್ಟ್, 1999ರಲ್ಲಿ ಐಕಾನ್, 2005ರಲ್ಲಿ ಫಿಯೆಸ್ಟಾ, 2010ರಲ್ಲಿ ಫಿಗೊ, 2013ರಲ್ಲಿ ಇಕೋಸ್ಪೋರ್ಟ್ ಬಂದವು. ಹತ್ತು ವರ್ಷಗಳಲ್ಲಿ ಇಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತೆಂದು ಹೊರಡುವಾಗ ಕಂಪನಿ ಹೇಳಿತು. ಸುಮಾರು 4,000 ನೌಕರರ ಬದುಕಿನ ಮೇಲೆ ಅದರ ಪೆಟ್ಟು ಬಿದ್ದಿತು. ಗುಜರಾತಿನ ಸಾನಂದ್‌ನ ಕಾರು ಕಾರ್ಖಾನೆ ಈಗ ಟಾಟಾ ಅವರದು. ಫೋರ್ಡ್ ಹೊರಡುವ ಸುದ್ದಿ ಬಂದ ದಿನದ ಪತ್ರಿಕೆಯನ್ನು ಓದಿ ಅಪ್ಪ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಅವರ ಮೊದಲ ಕಾರು ಐಕಾನ್.

ಪರೀಕ್ಷೆಗೆ ನಾನು ಇಟ್ಟುಕೊಂಡ ಮೊದಲ ಅಳತೆ ಫೋರ್ಡ್ ಚರಿತ್ರೆಯಿಂದಲೇ ಬಂದದ್ದು. ವೇಲ್ಸ್ ದೇಶದ ರಿಚರ್ಡ್ ಪ್ಯಾರಿ ಜೋನ್ಸ್ ಎಂಬ ಎಂಜಿನಿಯರ್ 1990ರ ದಶಕದಲ್ಲಿ ಫೋರ್ಡ್ ಕಾರುಗಳ ನಡಿಗೆಯನ್ನೇ ಬದಲಾಯಿಸಿದರು. ಮೊಂಡಿಯೊ, 1998ರ ಫೋಕಸ್, ಇವೆಲ್ಲ ಅವರ ಕೈಯಲ್ಲಿ ಹದಗೊಂಡವು. ಕಾರಿನ ಗುಣವನ್ನು ಮೊದಲ ಐವತ್ತು ಮೀಟರಿನಲ್ಲೇ ಹೇಳಬಹುದು ಎಂಬುದು ಅವರ ನಂಬಿಕೆ. ಸ್ಟೀರಿಂಗ್, ಕ್ಲಚ್, ಗೇರ್, ಬ್ರೇಕ್ ನಾಲ್ಕಕ್ಕೂ ಬೇಕಾಗುವ ಬಲದಲ್ಲಿ ಹೊಂದಿಕೆ ಇರಬೇಕು, ಒಂದು ಹಗುರ ಇನ್ನೊಂದು ಬಿಗಿ ಆಗಬಾರದು ಎನ್ನುತ್ತಿದ್ದರು. ನಮ್ಮಲ್ಲಿಗೆ ಬಂದ ಐಕಾನ್ ಆ ಕಾಲದ ಯುರೋಪಿನ ಫಿಯೆಸ್ಟಾಕ್ಕೆ ಡಿಕ್ಕಿ ಜೋಡಿಸಿದ ರೂಪ. ಅಪ್ಪ "ಈ ಕಾರು ಹೇಳಿದ ಮಾತು ಕೇಳುತ್ತದೆ" ಎನ್ನುತ್ತಿದ್ದರಲ್ಲ, ಅದರ ಹಿಂದಿದ್ದ ಕೈ ಯಾರದೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ.

ನಮ್ಮ ಅಂಗಳದಿಂದ ದಣಪೆಯವರೆಗೆ ಹೆಚ್ಚುಕಡಿಮೆ ಐವತ್ತು ಮೀಟರ್. ನಡುವೆ ಒಂದು ತಿರುವು, ಒಂದು ನೀರಿನ ಕೊರಕಲು. ಸ್ವಿಫ್ಟ್ ಅಷ್ಟು ದೂರವನ್ನು ಆಟದಂತೆ ದಾಟಿತು. ಅದರ ಸ್ಟೀರಿಂಗ್ ಮೂರರಲ್ಲಿ ಅತಿ ಹಗುರ, ಕ್ಲಚ್ ಕೂಡ. ಪೇಟೆಯಲ್ಲಿ ದಿನವಿಡೀ ಓಡಿಸುವವರಿಗೆ ಇದು ದೊಡ್ಡ ವರ. ಪೋಲೊದಲ್ಲಿ ಬಾಗಿಲು ಹಾಕಿಕೊಂಡಾಗಲೇ ಬೇರೊಂದು ಲೋಕ. ಆ ಗಟ್ಟಿ ಸದ್ದು, ತೂಕವುಳ್ಳ ಗೇರ್, ನೆಲಕ್ಕೆ ಅಂಟಿದ ಭಾವ. ಆದರೆ ಕೊರಕಲಿನ ಹತ್ತಿರ ನಾನು ತಾನಾಗಿಯೇ ನಿಧಾನಿಸಿದೆ. ಪೋಲೊ ನೆಲದಿಂದ 165 ಮಿಲಿಮೀಟರ್ ಎತ್ತರ, ಸ್ವಿಫ್ಟ್ 163. ಇಕೋಸ್ಪೋರ್ಟ್ 200. ಆ ಮೂವತ್ತೈದು ಮಿಲಿಮೀಟರ್ ಎಂದರೆ ಎರಡು ಬೆರಳಗಲ. ಮಳೆಗಾಲ ಮುಗಿದ ಮೇಲೆ ನಮ್ಮ ದಾರಿಯಲ್ಲಿ ಆ ಎರಡು ಬೆರಳಿಗೆ ಇರುವ ಬೆಲೆ ಪೇಟೆಯವರಿಗೆ ಹೇಳಿ ತಿಳಿಸುವುದು ಕಷ್ಟ.

ಇಲ್ಲಿ ಹೆನ್ರಿ ಫೋರ್ಡ್ ನೆನಪಾಗದೆ ಇರುವುದಿಲ್ಲ. ಮಿಶಿಗನ್‌ನ ರೈತನ ಮಗ ಆತ. 1903ರಲ್ಲಿ ಕಂಪನಿ ಕಟ್ಟಿ, 1908ರಲ್ಲಿ ಹೊರತಂದ ಮಾಡೆಲ್ ಟಿ ಕೆಸರು ದಾರಿಯ ರೈತರನ್ನು ನೆನೆದೇ ಮಾಡಿದ ಕಾರು. ನೆಲದಿಂದ ಎತ್ತರಕ್ಕೆ ನಿಂತ ಮೈ, ಹಗುರವಾದರೂ ಗಟ್ಟಿಯಾದ ವೆನೇಡಿಯಂ ಉಕ್ಕು, ಅಚ್ಚಿಗೊಂದು ಅಡ್ಡ ಸ್ಪ್ರಿಂಗು. ಒಂದು ಚಕ್ರ ಗುಂಡಿಗೆ ಇಳಿದರೂ ಉಳಿದ ಮೂರು ನೆಲ ಬಿಡುತ್ತಿರಲಿಲ್ಲ. ರೈತರು ಹಿಂದಿನ ಚಕ್ರ ಎತ್ತಿ ಪಟ್ಟಿ ಕಟ್ಟಿ ಮರ ಕೊಯ್ಯುತ್ತಿದ್ದರು, ನೀರೆತ್ತುತ್ತಿದ್ದರು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂತು. ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತಿದ್ದ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಮೊದಲು 850 ಡಾಲರ್ ಇದ್ದ ಬೆಲೆ 1920ರ ದಶಕದಲ್ಲಿ 300ಕ್ಕೂ ಕೆಳಗೆ ಬಂತು. ಒಂದೂವರೆ ಕೋಟಿ ಕಾರುಗಳು ಹೊರಬಿದ್ದವು. ಆದರೆ ಅದೇ ಮನುಷ್ಯ, ಜನರ ರುಚಿ ಬದಲಾದರೂ ತನ್ನ ಟಿಯನ್ನು ಬದಲಿಸಲು ಒಪ್ಪಲಿಲ್ಲ. ಕೊನೆಗೆ 1927ರಲ್ಲಿ ಅದನ್ನು ನಿಲ್ಲಿಸಿ, ಮಾಡೆಲ್ ಎ ತಯಾರಿಗಾಗಿ ತಿಂಗಳುಗಟ್ಟಲೆ ಕಾರ್ಖಾನೆ ಮುಚ್ಚಬೇಕಾಯಿತು. ಅಷ್ಟರಲ್ಲಿ ಷೆವರ್ಲೆ ಮುಂದೆ ಹೋಗಿತ್ತು. ಕೊಳ್ಳುವವನ ದಾರಿಯನ್ನು ನೋಡಿ ಕಾರು ಮಾಡಿದಾಗ ಫೋರ್ಡ್ ಗೆದ್ದಿದೆ, ತನ್ನ ಕಾರನ್ನಷ್ಟೇ ನೋಡಿಕೊಂಡಾಗ ಸೋತಿದೆ. ಭಾರತದಲ್ಲೂ ನನಗೆ ಕಂಡದ್ದು ಇದೇ. ಫಿಗೊ ಮತ್ತು ಇಕೋಸ್ಪೋರ್ಟ್ ನಮ್ಮ ದಾರಿ ನೋಡಿ ಮಾಡಿದಂಥವು, ಗೆದ್ದವು. 2011ರ ದುಬಾರಿ ಫಿಯೆಸ್ಟಾ ಹಾಗಿರಲಿಲ್ಲ.

ಇನ್ನು ಘಾಟಿ. ಮೂರೂ ಕಾರುಗಳಿಗೆ ಒಂದೇ ದಾರಿ: ಮನೆಯಿಂದ ಆಗುಂಬೆ, ಇಳಿದು ಸೋಮೇಶ್ವರ, ಹೆಬ್ರಿ. ಅಲ್ಲಿ ಅತ್ತೆಯ ಮನೆಯಲ್ಲಿ ಎರಡು ಚೀಲ ತೆಂಗಿನಕಾಯಿ ಹೇರಿಕೊಂಡು ಮತ್ತೆ ಮೇಲಕ್ಕೆ. ಪಕ್ಕದ ಸೀಟಿನಲ್ಲಿ ಅಮ್ಮ, ಹಿಂದೆ ತಮ್ಮ.

ಇಳಿಯುವಾಗ ಮೂರರಲ್ಲೂ ದೂರು ಹೇಳುವಂಥದ್ದು ಕಾಣಲಿಲ್ಲ. ಎರಡನೇ ಗೇರಿನಲ್ಲಿ ಎಂಜಿನ್ನೇ ಹಿಡಿದು ಇಳಿಸುತ್ತದೆ. ವ್ಯತ್ಯಾಸ ತೆರೆದುಕೊಂಡದ್ದು ಹತ್ತುವಾಗ. ತಿರುವಿನಲ್ಲಿ ವೇಗ ಹದಿನೈದಕ್ಕೆ ಇಳಿಯುತ್ತದೆ, ಎಂಜಿನ್ನಿನ ಸುತ್ತು ನಿಮಿಷಕ್ಕೆ ಒಂದೂವರೆ ಸಾವಿರಕ್ಕೆ ಬೀಳುತ್ತದೆ. ಆ ಸುತ್ತಿನಲ್ಲಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಇನ್ನೂ ಎಚ್ಚರಗೊಂಡಿರುವುದಿಲ್ಲ. ಸ್ವಿಫ್ಟ್‌ನ 1.3 ಲೀಟರ್ ಎಂಜಿನ್ 75 ಪಿಎಸ್ ಶಕ್ತಿ, 190 ನ್ಯೂಟನ್ ಮೀಟರ್ ಎಳೆತದ್ದು. ಎರಡು ಸಾವಿರ ಸುತ್ತು ದಾಟಿದರೆ ಚಿಗರೆಯಂತೆ ನೆಗೆಯುತ್ತದೆ, ಅದಕ್ಕಿಂತ ಕೆಳಗೆ ಕಾಯಬೇಕು. ಹೊರೆ ತುಂಬಿದಾಗ ಐದು ತಿರುವುಗಳಲ್ಲಿ ನಾನು ಮೊದಲ ಗೇರಿಗೆ ಹೋದೆ. ಪೋಲೊ 1.5 ಲೀಟರ್, 90 ಪಿಎಸ್, 230 ನ್ಯೂಟನ್ ಮೀಟರ್. ಎಳೆಯಲು ಶುರುಮಾಡಿದರೆ ಮೂರರಲ್ಲಿ ಅದೇ ಬಲಶಾಲಿ. ಎರಡು ತಿರುವುಗಳಲ್ಲಿ ಮೊದಲ ಗೇರು ಬೇಕಾಯಿತು. ಇಕೋಸ್ಪೋರ್ಟ್ 1.5 ಲೀಟರ್, 100 ಪಿಎಸ್. ಕಾಗದದ ಮೇಲೆ ಪೋಲೊಗಿಂತ ಎಳೆತ ಕಡಿಮೆ, ಮೈಭಾರ ಹೆಚ್ಚು. ಆದರೂ ಕೆಳಗಿನ ಸುತ್ತಿನಿಂದಲೇ ಎಳೆಯುವ ಗುಣ ಇದರದು. ಹದಿನಾಲ್ಕೂ ತಿರುವುಗಳನ್ನು ಎರಡನೇ ಗೇರಿನಲ್ಲೇ ಹತ್ತಿದೆ. ಮನೆಯ ಫಿಗೊದಲ್ಲಿಯೂ ನಾನು ಹದಿಮೂರು ವರ್ಷ ಕಂಡ ಗುಣ ಇದೇ. ವೇಗದ ಕಾರು ಅದಲ್ಲ, ಆದರೆ ಏರಿನಲ್ಲಿ ಎಂದೂ ಕೈಬಿಟ್ಟಿಲ್ಲ.

ತಿರುವಿನ ನಡತೆಯಲ್ಲಿ ನನ್ನ ಮೊದಲ ಅಂಕ ಪೋಲೊಗೆ. ಇಕೋಸ್ಪೋರ್ಟ್ ಎತ್ತರದ ಕಾರಾದ್ದರಿಂದ ತುಸು ವಾಲುತ್ತದೆ, ಆದರೆ ಚಕ್ರ ಎತ್ತ ಹೋಗುತ್ತಿದೆ ಎಂಬುದನ್ನು ಕೈಗೆ ತಿಳಿಸುತ್ತದೆ. ಹಳೆಯ ಫಿಗೊದ ಹೈಡ್ರಾಲಿಕ್ ಸ್ಟೀರಿಂಗ್‌ನಷ್ಟು ಮಾತುಗಾರಿಕೆ ಈ ಎಲೆಕ್ಟ್ರಿಕ್ ಸ್ಟೀರಿಂಗ್‌ಗೆ ಇಲ್ಲ. ಆ ಸ್ಟೀರಿಂಗ್ ಇಟ್ಟುಕೊಂಡವರು ಅದನ್ನು ಬಿಡಲು ಒಪ್ಪದಿರುವುದು ನನಗೆ ಪೂರ್ತಿ ಅರ್ಥವಾಗುತ್ತದೆ.

ಅಮ್ಮನ ಪರೀಕ್ಷೆ ಬೇರೆಯೇ. ಅವರಿಗೆ ಮಂಡಿನೋವು. ಪೋಲೊದಲ್ಲಿ ಕೂರಲು ತಗ್ಗಬೇಕು, ಏಳಲು ಯಾರಾದರೂ ಕೈಕೊಡಬೇಕು. ಸ್ವಿಫ್ಟ್ ಸ್ವಲ್ಪ ಮೇಲು. ಇಕೋಸ್ಪೋರ್ಟ್‌ನ ಸೀಟು ಅವರ ಸೊಂಟದ ಮಟ್ಟಕ್ಕೇ ಇತ್ತು. ಪಕ್ಕಕ್ಕೆ ತಿರುಗಿ ಕುಳಿತು, ಕಾಲು ಒಳಗೆಳೆದುಕೊಂಡು, "ಇದು ಜಗಲಿಯ ಮೇಲೆ ಕುಳಿತ ಹಾಗಿದೆ" ಎಂದರು. ಹಿಂದೆ ಕುಳಿತ ತಮ್ಮ ಪೋಲೊದಲ್ಲಿ ಮಂಡಿ ಮುಂದಿನ ಸೀಟಿಗೆ ತಾಗುತ್ತದೆ ಎಂದ. ಆರಡಿ ಆಳು ಅವನು. ಸಾಮಾನಿನ ಜಾಗ ಸ್ವಿಫ್ಟ್‌ನಲ್ಲಿ 268 ಲೀಟರ್, ಪೋಲೊದಲ್ಲಿ ತುಸು ಹೆಚ್ಚು, ಇಕೋಸ್ಪೋರ್ಟ್‌ನಲ್ಲಿ ಸುಮಾರು 350. ಆದರೆ ಇಕೋಸ್ಪೋರ್ಟ್‌ನ ಹಿಂಬಾಗಿಲು ಸ್ಟೆಪ್ನಿ ಹೊತ್ತುಕೊಂಡು ಪಕ್ಕಕ್ಕೆ ತೆರೆಯುತ್ತದೆ. ಹಿಂದೆ ಜಾಗ ಬಿಟ್ಟು ನಿಲ್ಲಿಸುವ ಅಭ್ಯಾಸ ಮಾಡಿಕೊಳ್ಳಬೇಕು.

ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದಾಗ ಲೀಟರಿಗೆ ಸ್ವಿಫ್ಟ್ 22 ಕಿಲೋಮೀಟರ್ ಕೊಟ್ಟಿತು, ಪೋಲೊ 19, ಇಕೋಸ್ಪೋರ್ಟ್ 18. ಸುರಕ್ಷತೆಯಲ್ಲಿ ಪೋಲೊ ಎರಡು ಏರ್‌ಬ್ಯಾಗುಗಳೊಂದಿಗೆ 2014ರಲ್ಲಿ, ಕಾರನ್ನು ಡಿಕ್ಕಿ ಹೊಡೆಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಾಲ್ಕು ತಾರೆ ಪಡೆದಿತ್ತು, 2018ರ ಸ್ವಿಫ್ಟ್ ಎರಡು ತಾರೆ. ಮಗುವಿರುವ ಮನೆಯವರು ಈ ಸಾಲನ್ನು ಎರಡು ಸಲ ಓದಲಿ.

ರಿಪೇರಿಯ ಮಾತಿಗೆ ಬಂದರೆ ಸ್ವಿಫ್ಟ್‌ಗೆ ಸಾಟಿಯಿಲ್ಲ. ಅದರ ಎಂಜಿನ್ ಫಿಯೆಟ್ ಮೂಲದ್ದು. ಮಾರುತಿ, ಟಾಟಾ, ಷೆವರ್ಲೆ ಎಲ್ಲರೂ ಬಳಸಿದ್ದರಿಂದ ಕೊಪ್ಪದಿಂದ ಹೊಸನಗರದವರೆಗೆ ಯಾವ ಗ್ಯಾರೇಜಿನ ಹುಡುಗನಿಗೂ ಅದರ ಒಳಹೊರಗು ಗೊತ್ತು. ಎಂಜಿನ್ನಿನ ಒಳಭಾಗಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸುವ ಟೈಮಿಂಗ್‌ಗೆ ಚೈನ್ ಇರುವುದರಿಂದ ಆ ಖರ್ಚೂ ಇಲ್ಲ. ಪೋಲೊ ಮತ್ತು ಇಕೋಸ್ಪೋರ್ಟ್ ಎರಡಕ್ಕೂ ಬೆಲ್ಟ್. ಅದನ್ನು ಅವಧಿಗೆ ಸರಿಯಾಗಿ ಬದಲಿಸದೆ ತುಂಡಾದರೆ ಎಂಜಿನ್ನೇ ಹೋಗುತ್ತದೆ.

ಫೋರ್ಡ್ ಬಿಡಿಭಾಗ ಸಿಗುವುದಿಲ್ಲ ಎಂಬ ಮಾತಿಗೆ ನನ್ನ ಅನುಭವ ಹೇಳಬೇಕು. ಎರಡು ವರ್ಷದ ಹಿಂದೆ ಫಿಗೊದ ಮುಂಚಕ್ರದ ಬೇರಿಂಗ್ ಸದ್ದು ಮಾಡತೊಡಗಿತು. ಒಂದು ವರ್ಕ್‌ಶಾಪಿನವರು "ಕಂಪನಿಯೇ ಇಲ್ಲ, ಬೇರಿಂಗ್ ಎಲ್ಲಿಂದ ಬರುತ್ತದೆ" ಎಂದು ವಾಪಸ್ ಕಳಿಸಿದರು. ನಾನು ಹಳೆಯ ಬಿಲ್ಲಿನಲ್ಲಿದ್ದ ಭಾಗದ ಸಂಖ್ಯೆ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದೆ. ಮೂರನೇ ದಿನ ಬೆಳಿಗ್ಗೆ ಬಸ್ಸಿನಲ್ಲಿ ಬಂದಿಳಿಯಿತು. ತಯಾರಿಕೆ ನಿಲ್ಲಿಸಿದರೂ ಸರ್ವಿಸ್ ಮತ್ತು ಬಿಡಿಭಾಗ ಮುಂದುವರಿಸುವುದಾಗಿ ಕಂಪನಿ ಅಂದೇ ಹೇಳಿತ್ತು. ನಾನು ಕಂಡಂತೆ ಕೊರತೆಯಾದದ್ದು ಹತ್ತಿರದಲ್ಲಿ ಬಲ್ಲವರದು, ಸಾಮಾನಿನದಲ್ಲ. ಹಾಗಾಗಿ ಫೋರ್ಡ್ ಕೊಳ್ಳುವವರು ಮೊದಲು ಮೆಕ್ಯಾನಿಕ್ ಹುಡುಕಿ, ಆಮೇಲೆ ಕಾರು ಹುಡುಕಬೇಕು. ಶಿವಮೊಗ್ಗದಲ್ಲಿ ನನಗೆ ಅಂಥವರೊಬ್ಬರು ಇದ್ದಾರೆ. ಇಲ್ಲದಿದ್ದರೆ ನಾನು ಕಣ್ಣುಮುಚ್ಚಿ ಸ್ವಿಫ್ಟ್ ತೆಗೆದುಕೊಳ್ಳುತ್ತಿದ್ದೆ. ಒಬ್ಬನೇ ಹೆದ್ದಾರಿಯಲ್ಲಿ ಬೆಂಗಳೂರಿಗೆ ಓಡಾಡುವವನಾಗಿದ್ದರೆ ಪೋಲೊ.

ಬೆಲೆಯಲ್ಲಿ ಒಂದು ಸಂಗತಿ ಗಮನಿಸಬೇಕು. ಹೊಸದಾಗಿದ್ದಾಗ ಸ್ವಿಫ್ಟ್‌ಗಿಂತ ಲಕ್ಷಕ್ಕೂ ಮೀರಿ ಹೆಚ್ಚಿದ್ದ ಇಕೋಸ್ಪೋರ್ಟ್‌ಗೆ ಈಗ ಅದೇ ವರ್ಷದ ಸ್ವಿಫ್ಟ್‌ನ ಬೆಲೆಯನ್ನೇ ಕೇಳಿದರು. ಮಾರುವಾಗ ನಮಗೂ ಹಾಗೆಯೇ ಆಗುತ್ತದೆ, ನಿಜ. ನಾವು ಮಾರಲು ಕೊಳ್ಳುತ್ತಿಲ್ಲ.

ಇಕೋಸ್ಪೋರ್ಟ್‌ಗೆ ಮಾತು ಕೊಟ್ಟಿದ್ದೇನೆ, ಮುಂಗಡ ಇನ್ನೂ ಕೊಟ್ಟಿಲ್ಲ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು ಅವರ ಕಡತದಲ್ಲಿ ಸಿಗಲಿಲ್ಲ. ಸೋಮವಾರ ನಮ್ಮ ಮೆಕ್ಯಾನಿಕ್ ಎದುರಿಗೇ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಹೊಸದಾಗಿ ಹಾಕಿಸುವುದೆಂದೂ, ಅರ್ಧ ಖರ್ಚು ಅವರದೆಂದೂ ಒಪ್ಪಂದವಾಗಿದೆ. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತೇನೆ. ಅಪ್ಪನೂ ಬರುತ್ತಾರಂತೆ.