ತೊಗರಿ ಆವಕದ ಫಾರ್ಮಿಗೆ ಲಾರಾವೆಲ್: ಎರಡು ಸುಗ್ಗಿ ಬಳಸಿದ ಮೇಲೆ

ಕಲಬುರಗಿ ನೆಹರೂ ಗಂಜಿನ ಒಂದು ಅಡತ್ ಅಂಗಡಿಗೆ ತೊಗರಿ ಆವಕ ಬರೆದಿಡುವ ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ರೈತರ ಹೆಸರು, ಊರು, ಚೀಲ, ಕ್ವಿಂಟಲ್, ದರ, ಐದೇ ಖಾನೆ. ಮೊದಲು ಬರೀ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೆ. ಆವಕ ಜೋರಿದ್ದ ಡಿಸೆಂಬರಿನಲ್ಲಿ ಮುನೀಮರ ಫೋನ್ ಬಂತು: "ಸರ್, ಆಳಂದದವರ ಎಂಟು ಚೀಲ ಎರಡು ಸಲ ಬಿದ್ದಾವ ನೋಡ್ರಿ." ಸೇವ್ ಆದ ಪುಟವನ್ನು ಅವರು ರಿಫ್ರೆಶ್ ಮಾಡಿದ್ದರು. ಬ್ರೌಸರು ಅದೇ ಮಾಹಿತಿಯನ್ನು ಮತ್ತೆ ಕಳಿಸಿತ್ತು. ರೈತರ ದುಡ್ಡಿನ ಲೆಕ್ಕ ಅದು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆಮೇಲೆ ಲಾರಾವೆಲ್‌ಗೆ ಬಂದೆ. ಟೇಲರ್ ಓಟ್‌ವೆಲ್ 2011ರಲ್ಲಿ ಹೊರತಂದ ಉಚಿತ ಪಿಎಚ್‌ಪಿ ಫ್ರೇಮ್‌ವರ್ಕ್ ಇದು, ಅಂದರೆ ವೆಬ್‌ಸೈಟ್ ಕಟ್ಟಲು ಬೇಕಾದ ಕೋಡಿನ ಸಿದ್ಧ ಚೌಕಟ್ಟು. ನನಗೆ ಬಹಳ ಹಿಡಿಸಿದ್ದು ಇದರ ಫಾರ್ಮ್ ರಿಕ್ವೆಸ್ಟ್. ತುಂಬಿದ್ದೆಲ್ಲ ಕಂಟ್ರೋಲರ್ (ಬಂದ ಮಾಹಿತಿಯನ್ನು ನಿಭಾಯಿಸುವ ಕೋಡು) ಮುಟ್ಟುವ ಮೊದಲೇ ಅಲ್ಲಿ ತಪಾಸಣೆ ಆಗುತ್ತದೆ. ಕ್ವಿಂಟಲ್ ಬಿಟ್ಟುಹೋಗಿದ್ದರೆ ಫಾರ್ಮಿಗೇ ವಾಪಸ್, ತಪ್ಪೇನೆಂದು ನಾನು ಬರೆದಿಟ್ಟ ಕನ್ನಡದಲ್ಲೇ ತಿಳಿಸುತ್ತದೆ. ವ್ಯೂನಲ್ಲಿ, ಅಂದರೆ ಪುಟ ತೋರಿಸುವ ಕಡತದಲ್ಲಿ, 'ಓಲ್ಡ್' ಹಾಕಿದರೆ ಉಳಿದ ನಾಲ್ಕು ಖಾನೆ ಮತ್ತೆ ತುಂಬುವ ಕೆಲಸವಿಲ್ಲ. ಸೇವ್ ಆದೊಡನೆ ಬೇರೆ ಪುಟಕ್ಕೆ ರಿಡೈರೆಕ್ಟ್ ಮಾಡಲು ಒಂದೇ ಸಾಲು ಸಾಕು. ಆಮೇಲೆ ರಿಫ್ರೆಶ್ ಮಾಡಿದರೂ ಆ ಬೇರೆ ಪುಟವಷ್ಟೇ ಮತ್ತೆ ತೆರೆಯುತ್ತದೆ, ರಿಫ್ರೆಶ್ ಕಾಟ ಅಲ್ಲಿಗೆ ತೀರಿತು. ಗುಂಡಿಯನ್ನು ಎರಡು ಸಲ ಒತ್ತುವುದು ಮಾತ್ರ ಇದರಿಂದ ನಿಲ್ಲುವುದಿಲ್ಲ, ಒತ್ತಿದ ಕೂಡಲೇ ಅದನ್ನು ನಿಷ್ಕ್ರಿಯ ಮಾಡಬೇಕು.

ಕನ್ನಡದಲ್ಲಿ ತುಂಬಿಸುವವರು ಇದನ್ನು ಗಮನಿಸಿ. ನಮ್ಮ ಮುನೀಮರು ತೂಕವನ್ನು ೧೨.೫೦ ಎಂದೇ ಹೊಡೆಯುತ್ತಾರೆ. 'ನ್ಯೂಮರಿಕ್' ನಿಯಮ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ. ತಪಾಸಣೆಗೆ ಮೊದಲು ನಡೆಯುವ 'ಪ್ರಿಪೇರ್ ಫಾರ್ ವ್ಯಾಲಿಡೇಶನ್' ಎಂಬ ಜಾಗದಲ್ಲಿ ಕನ್ನಡ ಅಂಕಿಗಳನ್ನು 12.50 ಎಂದು ಬದಲಿಸಿಕೊಂಡೆ. ಅವರು ತಮ್ಮ ರೂಢಿ ಬಿಡಬೇಕಾಗಲಿಲ್ಲ, ನನಗೆ ಅದೇ ದೊಡ್ಡ ಸಮಾಧಾನ. ಹೆಸರಿನ ಉದ್ದದ್ದೂ ಹಾಗೇ. 'ಮಲ್ಲಿಕಾರ್ಜುನ' ನಮ್ಮ ಲೆಕ್ಕಕ್ಕೆ 5 ಅಕ್ಷರ, ಕಂಪ್ಯೂಟರು ಅಕ್ಷರ ಬರೆದಿಡುವ ಯೂನಿಕೋಡ್ ಲೆಕ್ಕಕ್ಕೆ 12. ಒತ್ತು, ಗುಣಿತ, ವಿರಾಮ (ಅರ್ಧಾಕ್ಷರದ ಚಿಹ್ನೆ) ಎಲ್ಲ ಬೇರೆಬೇರೆ ಎಣಿಕೆ. ಗರಿಷ್ಠ ಉದ್ದದ ನಿಯಮ 'ಮ್ಯಾಕ್ಸ್' 20 ಇಟ್ಟರೆ ಅಡ್ಡಹೆಸರು ಸೇರಿದ ಕೂಡಲೇ ಮೀರಬಹುದು. ನಾನು 100 ಇಟ್ಟಿದ್ದೇನೆ.

ಬಂದದ್ದನ್ನೆಲ್ಲ ಹಾಗೇ ಮಾಡೆಲ್‌ಗೆ (ಮಾಹಿತಿಯನ್ನು ಡೇಟಾಬೇಸಿಗೆ ಸೇರಿಸುವ ಕೋಡು) ಸುರಿಯಬೇಡಿ. ಯಾರಾದರೂ ಬ್ರೌಸರಿನಲ್ಲಿ 'ಕಮಿಷನ್' ಎಂಬ ಖಾನೆಯನ್ನು ತಾವೇ ಸೇರಿಸಿ ಕಳಿಸಬಹುದು. 'ವ್ಯಾಲಿಡೇಟೆಡ್' ಆದದ್ದಷ್ಟೇ, ಅಂದರೆ ತಪಾಸಣೆ ದಾಟಿದ್ದಷ್ಟೇ ತೆಗೆದುಕೊಂಡು, ಮಾಡೆಲ್‌ನ 'ಫಿಲ್ಲೇಬಲ್' ಪಟ್ಟಿಯಲ್ಲಿ ಆ ಐದೇ ಹೆಸರು ಬರೆದರೆ ಅಂಥದ್ದು ಒಳಗೆ ಬರುವುದಿಲ್ಲ.

ಇನ್ನೊಂದು, ಸೆಷನ್ ಅವಧಿ, ಅಂದರೆ ಬಳಸುವವರನ್ನು ವೆಬ್‌ಸೈಟ್ ನೆನಪಿಡುವ ಹೊತ್ತು. ಮೊದಲಿಗೆ ಇರುವುದು 120 ನಿಮಿಷ. ಫಾರ್ಮ್ ತೆರೆದಿಟ್ಟು ಹರಾಜಿಗೆ ಹೋಗಿ ತಡವಾಗಿ ಬಂದು ಕಳಿಸಿದರೆ ಅವಧಿ ಮುಗಿದಿದೆ ಎನ್ನುವ 419 ಎಂಬ ದೋಷದ ಪುಟ ಬರುತ್ತದೆ. ಗಂಜಿನ ಇಡೀ ದಿನಕ್ಕೆ ಸಾಕಾಗಲಿ ಎಂದು 720 ಮಾಡಿದ್ದೇನೆ.